ಹಳದಿ ಶಾಲು ಯಾರ ಕೊರಳಿಗೆ

ಅಳಲು ಒಪ್ಪದಿದ್ದುದಕ್ಕೇ ಬಾರ್ಬ್ ಮೂಜೋ ಆ ಚಿತ್ರದಿಂದ ಹೊರಗುಳಿದಳು.

ಪ್ಯಾರಿಸ್ಸಿನಿಂದ ಬಂದಿದ್ದ ಚಿತ್ರಗಾರ ಒರೆಲ್ಯಾಂ ಕೆಟ್ಟ ಹುಡುಗನೇನಲ್ಲ. ಭುಜದವರೆಗೆ ಕೂದಲು, ಗುಂಡಿ ಹಾಕದ ಅಂಗಿ, ಮೊಸೆಲ್ ಹೊಳೆಯ ಮೇಲಿನ ಮಂಜು ಕಂಡರೂ ನಿಟ್ಟುಸಿರು ಬಿಡುವ ಜಾತಿ. ಫ್ರಾನ್ಸಿನ ಚಕ್ರವರ್ತಿಯ ದಂಡು ರಷ್ಯಾದಿಂದ ಓಡಿಬರುತ್ತ ಬೆರೆಝಿನಾ ಹೊಳೆ ದಾಟಿದ ಕಥೆಯನ್ನು ಚಿತ್ರವಾಗಿ ಬರೆಯಬೇಕೆಂದು ಅವನು ಹಟ ಹಿಡಿದಿದ್ದ. ಅಲ್ಲಿಂದ ಜೀವಂತ ಮರಳಿದವರ ಮುಖ ಬೇಕು ಎಂದು ಊರೂರು ಅಲೆದು, ನಮ್ಮೂರಿನ ಹೆಂಡದಂಗಡಿಯಲ್ಲಿ ಎಲೋಫ್ ಪಿಯೆರಾನನ್ನು ಹಿಡಿದ. ಎಲೋಫನಿಗೆ ಒಂದು ಕಾಲು ಮರದ್ದು. ವಯಸ್ಸು ನಲವತ್ತೆಂಟೇ ಆದರೂ ಕೂದಲು ಗಡ್ಡವೆಲ್ಲ ಹತ್ತಿ ಬಿಡಿಸಿಟ್ಟಂತೆ ಬೆಳ್ಳಗೆ. ಚಿತ್ರಗಾರನಿಗೆ ನಿಧಿ ಸಿಕ್ಕಂತಾಯಿತು. ಅವನನ್ನು ಮೇಜಿನ ಮೇಲೆ ಮಲಗಿಸಿ, ಕಂಬಳಿ ಹೊದಿಸಿ, ತೊಲೆಯ ಕಡೆ ನೋಡಲು ಹೇಳಿದ. ಪಕ್ಕದಲ್ಲಿ ಮಂಡಿಯೂರಿ ಅಳುವ ವಿಧವೆ ಬೇಕಿತ್ತು. ದಂಡಿನ ಜೊತೆ ಹೋಗಿ ಗಂಡನನ್ನು ಕಳೆದುಕೊಂಡು ಬಂದವಳು ಊರಲ್ಲಿ ಒಬ್ಬಳೇ. ಬಾರ್ಬಳಿಗೆ ಹೇಳಿಕಳಿಸಿದರು.

"ಕಣ್ಣೀರು ಬರ್ಲಿ ತಾಯಿ. ಗಂಡನ್ನ ನೆನಪು ಮಾಡ್ಕೊಳ್ಳಿ," ಎಂದ ಒರೆಲ್ಯಾಂ.

"ನೆನಪು ಮಾಡ್ಕೊಂಡ್ರೆ ನಂಗೆ ಬೈಗುಳ ಬರುತ್ತೆ. ಬೈಗುಳ ಬರೀತೀಯಾ?"

"ಒಂದೇ ಒಂದು ಹನಿ ಸಾಕು."

"ಅಲ್ಲಿ ಅತ್ತರೆ ರೆಪ್ಪೆಗೆ ರೆಪ್ಪೆ ಹೆಪ್ಪುಗಟ್ಟಿ ಕಣ್ಣೇ ಬಿಡಕ್ಕಾಗ್ತಿರ್ಲಿಲ್ಲ ಮಗಾ. ಅತ್ತೋರ್ಯಾರೂ ವಾಪಸ್ ಬಂದಿಲ್ಲ." ಅವಳು ಚಿತ್ರದ ಹಲಗೆಯ ಮೇಲೆ ಬಗ್ಗಿ ನೋಡಿದಳು. "ಇವ್ನಿಗ್ಯಾಕೆ ಬಿಳಿ ಗಡ್ಡ? ಆಗ ಇವ್ನಿಗೆ ಇಪ್ಪತ್ತಾರು."

"ಮುಪ್ಪಿಗೆ ಒಂದು ಘನತೆ ಇದೆ ತಾಯಿ. ಮುದಿ ಸಿಪಾಯಿ ಆಕಾಶ ನೋಡ್ತಾ ಸಾಯೋದನ್ನ ಕಂಡ್ರೆ ಜನರ ಎದೆ ಕರಗುತ್ತೆ."

"ಸತ್ತೋರೆಲ್ಲ ಹುಡುಗ್ರು ಕಣಪ್ಪ. ಮೀಸೆ ಬರದೋರೂ ಇದ್ರು. ಮುದುಕ್ರು ಸತ್ರು ಅಂತ ಬರೆದ್ರೆ ನೋಡೋರಿಗೆ ಚೆನ್ನಾಗಿ ನಿದ್ದೆ ಬರುತ್ತೆ, ಅಷ್ಟೆ."

ಮೇಜಿನ ಮೇಲಿನಿಂದ ಎಲೋಫ್ ಗೊಣಗಿದ. "ಅವನ ಕೆಲ್ಸ ಅವ್ನು ಮಾಡ್ಲಿ ಬಿಡೇ. ನಂಗೆ ಕತ್ತು ಹಿಡೀತಿದೆ."

ಬಾರ್ಬ್ ಹೊರಟುಹೋದಳು. ಹೆಂಡದಂಗಡಿಯವನ ಮಗಳನ್ನು ಅವಳ ಜಾಗದಲ್ಲಿ ಕೂರಿಸಿದರು. ಆ ಹುಡುಗಿಯ ಕಣ್ಣಲ್ಲಿ ನೀರು ತರಿಸಲು ಮೂರು ಈರುಳ್ಳಿ ಬೇಕಾದವಂತೆ.

ಅಂದೇ ಒರೆಲ್ಯಾಂ ಕೇಳಿದ, ನಿನ್ನನ್ನು ಸೇತುವೆ ದಾಟಿಸಿದ್ದು ಯಾರು ಎಂದು. ಎಲೋಫ್ ಇಪ್ಪತ್ತೆರಡು ವರ್ಷದಿಂದ ಪ್ರತಿ ಭಾನುವಾರ ಹೇಳುತ್ತ ಬಂದದ್ದನ್ನೇ ಹೇಳಿದ. ಹಿಮದಲ್ಲಿ ಬಿದ್ದಿದ್ದೆ. ಒಬ್ಬ ಅಧಿಕಾರಿ ಬಂದ. ಸತ್ತವರನ್ನೂ ಸಾಯುತ್ತಿದ್ದವರನ್ನೂ ದಾಟಿ ನನ್ನ ಹತ್ತಿರವೇ ಬಂದು, 'ಈ ಶೂರ ಸಾಯಬಾರದು' ಎಂದು ನನ್ನನ್ನು ಎಳೆದುಕೊಂಡು ಹೋದ. ಚಿತ್ರಗಾರನ ಕಣ್ಣು ಒದ್ದೆಯಾಯಿತು. ಈರುಳ್ಳಿ ಬೇಕಾಗಲಿಲ್ಲ.

ಎಳೆದದ್ದು ಬಾರ್ಬ್. ಅದು ಎಲೋಫನಿಗೂ ಗೊತ್ತು, ಬಾರ್ಬಳಿಗೂ ಗೊತ್ತು, ಮೂರನೆಯವರಿಗೆ ಗೊತ್ತಿರಲಿಲ್ಲ.

ಅವಳು ಹೊಳೆಯಲ್ಲಿ ಮರದ ದಿಮ್ಮಿಗಳ ತೆಪ್ಪ ಸಾಗಿಸುವವನ ಮಗಳು. ಹದಿನೆಂಟಕ್ಕೆ ಫ್ಲೊರಾಂ ಎಂಬ ಸಿಪಾಯಿಯನ್ನು ಕಟ್ಟಿಕೊಂಡು ದಂಡಿನ ಹಿಂದೆ ಹೊರಟಳು. ದಂಡಿನವರು ಹಿತ್ತಾಳೆ ಬಿಲ್ಲೆ ಕೊಟ್ಟು ಸಾರಾಯಿ ಮಾರಲು ಬಿಟ್ಟರು. ಸೊಂಟಕ್ಕೆ ಪುಟ್ಟ ಪೀಪಾಯಿ, ಅದಕ್ಕೆ ಅಗಲವಾದ ಚರ್ಮದ ಪಟ್ಟಿ. ಗುಂಡು ಹಾರುವಾಗ ಸಾಲಿನ ನಡುವೆ ನುಗ್ಗಿ, ಗಾಯಗೊಂಡವನ ಬಾಯಿಗೆ ಗುಟುಕು ಹಾಕಿ, ಸತ್ತವನ ಪಾಲನ್ನು ಪಕ್ಕದವನಿಗೆ ಹಾಕುವುದು ಅವಳ ಕೆಲಸ. ಸ್ಪೇನಿನ ಬಿಸಿಲನ್ನೂ ಪ್ರಷ್ಯಾದ ಕೆಸರನ್ನೂ ಹೀಗೇ ದಾಟಿದಳು. ರಷ್ಯಾಕ್ಕೆ ಹೊರಡುವ ಮುಂಚೆ ಫ್ಲೊರಾಂಗೆ ಉಣ್ಣೆಯ ಕೊರಳ ಶಾಲು ಹೆಣೆದು, ಈರುಳ್ಳಿ ಸಿಪ್ಪೆ ಕುದಿಸಿ ಬಣ್ಣ ಕಟ್ಟಿದಳು. ಕಣ್ಣಿಗೆ ಹೊಡೆಯುವ ಹಳದಿ. ಇಡೀ ದಂಡಿನಲ್ಲಿ ಅಂಥ ಶಾಲು ಇನ್ನೊಂದಿರಲಿಲ್ಲ. "ದೂರದಿಂದ ನೋಡಿದ್ರೂ ಹೆಂಡ್ತಿ ಇರೋ ಗಂಡ್ಸು ಅಂತ ಗೊತ್ತಾಗುತ್ತೆ," ಎಂದು ಫ್ಲೊರಾಂ ನಗುತ್ತಿದ್ದ.

ಬೆರೆಝಿನಾ ದಡದಲ್ಲಿ ಎಲ್ಲರ ಮುಖವೂ ಒಂದೇ. ಚಿಂದಿ ಸುತ್ತಿ, ಅದರ ಮೇಲೆ ಉಸಿರು ಹೆಪ್ಪುಗಟ್ಟಿ, ಯಾರು ಸಿಪಾಯಿ ಯಾರು ಹೆಂಗಸು ತಿಳಿಯುತ್ತಿರಲಿಲ್ಲ. ಬಾರ್ಬ್ ಕುದುರೆ ಮಾಂಸ ಹುಡುಕಿಕೊಂಡು ಹಿಂದಿನ ಸಂಜೆ ಹೋದವಳು ಜನರ ನೂಕಿನಲ್ಲಿ ಬೆಳಗಿನವರೆಗೆ ಗಂಡನ ಬಳಿ ಬರಲಾಗಲಿಲ್ಲ. ಬಂದಾಗ ಹಿಮದಲ್ಲಿ ಬೋರಲು ಬಿದ್ದವನ ಕೊರಳಲ್ಲಿ ಹಳದಿ ಕಂಡಿತು. ಪೀಪಾಯಿಯ ಪಟ್ಟಿಯನ್ನು ಅವನ ಕಂಕುಳಿಗೆ ಹಾಕಿ, ಹೆಗಲಿಗೆ ಬಿಗಿದು, ಬೈಯುತ್ತ ಬೈಯುತ್ತ ಸೇತುವೆಯ ಮೇಲೆ ಎಳೆದಳು. ಆಚೆ ದಡದಲ್ಲಿ ಕೊನೆಯ ಗುಟುಕು ಬಾಯಿಗೆ ಹಾಕಲೆಂದು ಶಾಲು ಸರಿಸಿದರೆ ಒಳಗಿದ್ದದ್ದು ಎಲೋಫ್ ಪಿಯೆರಾ, ಗಂಡನ ಜೊತೆ ಒಂದೇ ಪಾತ್ರೆಯಲ್ಲಿ ಉಣ್ಣುತ್ತಿದ್ದವನು.

"ಫ್ಲೊರಾಂ ಎಲ್ಲಿ?"

"ಹಿಂದೆ ಬರ್ತಾನೆ. ನಂಗೆ ಚಳಿಜ್ವರ ಅಂತ ಶಾಲು ಕೊಟ್ಟ," ಎಂದಿದ್ದ ಎಲೋಫ್.

ಅವಳು ತಿರುಗಿ ಹೊರಟಳು, ಎದುರಿನಿಂದ ಬರುತ್ತಿದ್ದ ಜನ ಬಿಡಲಿಲ್ಲ. ಆಮೇಲೆ ನಮ್ಮವರೇ ಸೇತುವೆಗೆ ಬೆಂಕಿ ಇಟ್ಟರು. ಆಚೆ ದಡದಲ್ಲಿ ಫ್ಲೊರಾಂ ಬರಿ ಕೊರಳಲ್ಲಿ ನಿಂತು ತನಗಾಗಿ ಕಾಯುತ್ತಿದ್ದ ಎಂಬ ಒಂದೇ ಚಿತ್ರ ಅವಳ ತಲೆಯಲ್ಲಿ ಉಳಿಯಿತು. ಅದನ್ನು ಯಾವ ಒರೆಲ್ಯಾಂ ಕೂಡ ಬರೆಯಬೇಕಾಗಿರಲಿಲ್ಲ.

ಊರಿಗೆ ಮರಳಿದಾಗ ಎಲೋಫನಿಗೆ ಸರ್ಕಾರದ ಕಾಗದ ಸಿಕ್ಕಿತು, ಎದೆಗೆ ಪದಕ ಸಿಕ್ಕಿತು. ಸಾರಾಯಿಯವಳಿಗೆ ಏನಿದೆ? ಹೆಂಗಸರು ದಂಡಿನ ಪಟ್ಟಿಯಲ್ಲೇ ಇರಲಿಲ್ಲ. ಅವಳು ಮೊಸ್ಯೂ ದಿದೆಲೋ ಅವರ ಚಿತ್ರ ಅಚ್ಚುಹಾಕುವ ಶಾಲೆಯಲ್ಲಿ ಕಸ ಗುಡಿಸಲು ಸೇರಿ, ಹತ್ತು ವರ್ಷದಲ್ಲಿ ಅಲ್ಲಿನ ಕತ್ತಿಯ ಕೆಲಸಕ್ಕೆ ಏರಿದಳು.

ಆ ಕೆಲಸ ಹೀಗೆ. ಮರದ ಅಚ್ಚಿನಿಂದ ಕಪ್ಪು ಗೆರೆಯ ಚಿತ್ರ ಬರುತ್ತದೆ. ಬಣ್ಣಕ್ಕೊಂದರಂತೆ ಎಣ್ಣೆ ಕುಡಿಸಿದ ದಪ್ಪ ಹಾಳೆ. ಆ ಬಣ್ಣ ಎಲ್ಲಿ ಬೀಳಬೇಕೋ ಅಷ್ಟನ್ನೇ ಕತ್ತಿಯಿಂದ ಕೊರೆದು ತೆಗೆಯಬೇಕು. ಕೊರೆದ ಹಾಳೆಯನ್ನು ಚಿತ್ರದ ಮೇಲಿಟ್ಟು ಗಿಡ್ಡ ಕೂದಲಿನ ದುಂಡು ಕುಂಚದಿಂದ ತಿಕ್ಕಿದರೆ ಮುಗಿಯಿತು. ಉದ್ದ ಮೇಜಿನ ಸುತ್ತ ಹೆಂಗಸರು. ಒಬ್ಬಳು ನೀಲಿ, ಒಬ್ಬಳು ಕೆಂಪು, ಒಬ್ಬಳು ಹಳದಿ. ಸಂತರೂ ಸಿಪಾಯಿಗಳೂ ಒಂದೇ ಮೇಜಿನ ಮೇಲೆ ಕೈಯಿಂದ ಕೈಗೆ ಹೋಗುತ್ತ ಬಟ್ಟೆ ತೊಡುತ್ತಾರೆ. ಗೆರೆ ಎಳೆದವನು ಏನು ಬೇಕಾದರೂ ಅಂದುಕೊಂಡಿರಲಿ, ಯಾರಿಗೆ ಯಾವ ಬಟ್ಟೆ ಎಂಬುದು ಕತ್ತಿ ಹಿಡಿದವಳ ಕೈಲಿದೆ.

ಬೇಸಿಗೆಯ ಕೊನೆಗೆ ಒರೆಲ್ಯಾಂನ ಚಿತ್ರ ಅಚ್ಚಾಗಿ ಅವಳ ಮುಂದೆ ಬಂತು. ನಡುವೆ ಬಿಳಿಗಡ್ಡದ ಎಲೋಫ್, ಕಣ್ಣು ಆಕಾಶಕ್ಕೆ. ಹರಿದ ಮೋಡದಿಂದ ಒಂದು ಕಿರಣ ನೇರವಾಗಿ ಅವನ ಮೂಗಿನ ಮೇಲೆ. ಹಿಂದಿನಿಂದ ಅವನನ್ನು ಕಂಕುಳಲ್ಲಿ ಹಿಡಿದು ಎಳೆಯುತ್ತಿರುವ ಅಧಿಕಾರಿ: ಹಿಮ್ಮಡಿಯವರೆಗೆ ನಿಲುವಂಗಿ, ಎರಡು ಮೂಲೆಯ ಟೊಪ್ಪಿಗೆ, ಚಳಿಗೆ ಮುಖ ಸುತ್ತಿಕೊಂಡು ಬರೀ ಕಣ್ಣು ಕಾಣುತ್ತಿದೆ. ಸೊಂಟದಲ್ಲಿ ಚೀಲ. ಪಕ್ಕದಲ್ಲಿ ಈರುಳ್ಳಿ ಹುಡುಗಿ. ಮೂಲೆಯಲ್ಲಿ, ಜಾಗ ಖಾಲಿ ಬಿಡಬಾರದು ಎಂಬಂತೆ, ಗಾಡಿಯ ಗಾಲಿಯ ಬುಡದಲ್ಲಿ ಅರ್ಧ ಹಿಮದೊಳಗೆ ಹೂತ ಒಬ್ಬ ಸತ್ತವನು.

ಬಾರ್ಬ್ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕತ್ತಿ ಮಸೆದಳು.

ನಿಲುವಂಗಿಯ ಕೆಳಭಾಗವನ್ನು ನೀಲಿಗೆ ಕೊರೆದಳು, ಅದರ ಅಂಚಿಗೆ ಎರಡು ಕೆಂಪು ಪಟ್ಟೆ. ಸೊಂಟದ ಚೀಲಕ್ಕೆ ಕಂದು, ಅದರ ಸುತ್ತ ಬಿಳಿ ಬಿಟ್ಟು ಕೆಂಪು ಬಳೆಗಳು; ಚೀಲ ಪೀಪಾಯಿಯಾಯಿತು. ಟೊಪ್ಪಿಗೆಯನ್ನು ಮುಟ್ಟಲಿಲ್ಲ. ಆ ಚಳಿಯಲ್ಲಿ ಸತ್ತ ಅಧಿಕಾರಿಯೊಬ್ಬನ ಟೊಪ್ಪಿಗೆಯನ್ನು ಅವಳೂ ತೆಗೆದು ಇಟ್ಟುಕೊಂಡಿದ್ದಳು. ಅಳುವ ಹುಡುಗಿಗೆ ಯಾವ ಬಣ್ಣವನ್ನೂ ಕೊಡಲಿಲ್ಲ. ಅವಳು ಹಿಮದಲ್ಲಿ ಕರಗಿ ಒಂದು ದಿಬ್ಬವಾದಳು. ಕೊನೆಗೆ ಎಲೋಫನ ಕೊರಳಿಗೆ ಹಳದಿ.

ನೀಲಿ ಬಳಿಯುವ ಲಿಬೇರ್ ಮೊದಲ ಹಾಳೆಗೆ ಕುಂಚ ತಿಕ್ಕಿ ತಲೆ ಎತ್ತಿದಳು. "ಬಾರ್ಬ್ ತಾಯಿ, ಅಧಿಕಾರಿಗೆ ಲಂಗ ಬಂತಲ್ಲ?"

"ಚಳಿ ಇತ್ತು."

ಮೇಜಿನ ಸುತ್ತ ಎಲ್ಲರೂ ಒಟ್ಟಿಗೆ ನಕ್ಕರು. ನಾಲ್ಕು ದಿನದಲ್ಲಿ ಐನೂರು ಹಾಳೆ ತಯಾರಾದವು. ದಿದೆಲೋ ಕಾಗದ ಕೊಳ್ಳಲು ನಾನ್ಸಿ ಪಟ್ಟಣಕ್ಕೆ ಹೋಗಿದ್ದರು. ಬೆನ್ನಿಗೆ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುವ ವ್ಯಾಪಾರಿ ಮಾನ್ಸುಯಿ ಬಂದು, ಇದ್ದಷ್ಟನ್ನೂ ಹೊತ್ತುಕೊಂಡು ಹೋದ.

ಸುದ್ದಿ ಮೂರು ವಾರಕ್ಕೆ ಮರಳಿತು, ಎರಡು ದಾರಿಯಿಂದ. ಒಂದು ದಾರಿಯಿಂದ ಮಾನ್ಸುಯಿ ಖಾಲಿ ಪೆಟ್ಟಿಗೆ ಹೊತ್ತು ಬಂದ. "ಆ ಸಾರಾಯಿ ಹೆಂಗ್ಸು ಇರೋದು ಇನ್ನೂ ನಾನೂರು ಕೊಡಿ. ಮೇಲಿನ ಹಳ್ಳಿಗಳಲ್ಲಿ ಮುದುಕ್ರು ನೋಡಿದ್ ಕೂಡ್ಲೇ 'ಹಾಂ, ಇವ್ಳು ನಿಜ' ಅಂತಾರೆ. ಬೇರೆ ಚಿತ್ರ ನೋಡಿ ಎಲ್ಲಾರೂ ಟೊಪ್ಪಿಗೆ ತೆಗೀತಾರೆ, ಇದನ್ನ ನೋಡಿ ಜಗಳ ಆಡ್ತಾರೆ, ನಮ್ಮ ದಂಡಿನವಳು ನಿಮ್ಮ ದಂಡಿನವಳು ಅಂತ." ಇನ್ನೊಂದು ದಾರಿಯಿಂದ ಒಂದು ಪತ್ರ ಬಂತು. ನಿವೃತ್ತ ಕರ್ನಲ್ ಒಬ್ಬರು ಬರೆದಿದ್ದರು. ಫ್ರಾನ್ಸಿನ ಅಧಿಕಾರಿಗೆ ಲಂಗ ತೊಡಿಸಿದವರು ಯಾರೆಂದು ತಿಳಿಯಬೇಕಿತ್ತು ಅವರಿಗೆ.

ಮೊಸ್ಯೂ ದಿದೆಲೋ ಪತ್ರವನ್ನು ಕೈಲಿ ಹಿಡಿದೇ ಬಣ್ಣದ ಮನೆಗೆ ಬಂದರು. ಎಲೋಫನನ್ನೂ ಕರೆಸಿದ್ದರು. ಮರದ ಕಾಲು ಕಲ್ಲಿನ ಮೇಲೆ ಟಕಟಕ ಎನ್ನುವುದು ಮೊದಲು ಕೇಳಿಸಿತು. ಒಳಗೆ ಬಂದವನು ಯಜಮಾನರ ಕಡೆ ನೋಡಲಿಲ್ಲ, ಲಂಗದ ಕಡೆಯೂ ನೋಡಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಬಾರ್ಬಳ ಮುಂದೆ ಹಿಡಿದ.

"ಹಳದಿ ಯಾಕೆ ಹಾಕ್ದೆ?"

"ಹಳದಿ ಇತ್ತು, ಹಾಕ್ದೆ."

"ಬೇರೆ ಬಣ್ಣ ಇರ್ಲಿಲ್ವ ನಿಂಗೆ?"

"ಲಂಗದ ಮಾತು ಕೇಳಕ್ಕೆ ಕರೆಸಿದ್ದು ಮಾರಾಯ, ಶಾಲು ಕಟ್ಕೊಂಡು ನಂಗೇನಾಗ್ಬೇಕು," ಎಂದರು ದಿದೆಲೋ. "ನೇರ ಹೇಳಿ. ನಿಮ್ಮನ್ನ ಎಳೆದದ್ದು ಯಾರು?"

"ಅಧಿಕಾರಿ."

"ಹೆಸ್ರು?" ಎಂದಳು ಬಾರ್ಬ್.

"ಹೆಸ್ರು ಹೇಳ್ಲಿಲ್ಲ ಅವ್ರು."

"ಇಪ್ಪತ್ತೆರಡು ವರ್ಷದಿಂದ ಗ್ಲಾಸಿಗೊಂದ್ಸಲ ಅವನ ಕಥೆ ಹೇಳ್ತಿದ್ದೀಯ. ಒಂದು ಹೆಸ್ರಿಡಕ್ಕಾಗ್ಲಿಲ್ವೇನೋ ಅವ್ನಿಗೆ?"

ದಿದೆಲೋ ಪತ್ರವನ್ನು ಮಡಚಿದರು. "ಸಿಪಾಯಿಯೇ ಹೇಳಿದ್ಮೇಲೆ ಮುಗೀತು. ಬಾರ್ಬ್ ತಾಯಿ, ನಿಮ್ಮ ಕೈ ಒಳ್ಳೇದು, ಅದಕ್ಕೇ ಇಷ್ಟು ಮಾತು. ಇವತ್ತೇ ಹೊಸ ಹಾಳೆ ಕೊರೀರಿ. ಅಧಿಕಾರಿ ಅಧಿಕಾರಿ ಥರಾನೇ ಇರ್ಬೇಕು. ಆಗಲ್ಲ ಅಂದ್ರೆ ಕೆಲಸದ ಮೇಲುಬಟ್ಟೆ ಬಿಚ್ಚಿಟ್ಟು ಹೊರಡಿ."

ಬಾರ್ಬ್ ಸೊಂಟಕ್ಕೆ ಕಟ್ಟಿದ್ದ ಬಣ್ಣ ಮೆತ್ತಿದ ಮೇಲುಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟಳು. ಕತ್ತಿಯನ್ನು ಒರೆಸಿ ಅದರ ಮೇಲಿಟ್ಟಳು. ಐವತ್ತು ದಾಟಿದ ಹೆಂಗಸಿಗೆ ಆ ಊರಲ್ಲಿ ಇನ್ನೊಂದು ಕೆಲಸ ಹುಟ್ಟುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಲಿಬೇರ್ ತನ್ನ ಕುಂಚವನ್ನು ನೀರಿಗೆ ಅದ್ದಿ ತೊಳೆಯತೊಡಗಿದಳು.

"ನೀಲಿ ಮುಗೀತು ಯಜಮಾನ್ರೆ," ಎಂದಳು.

"ಅಲ್ಲಿ ಬಟ್ಟಲು ತುಂಬಾ ಇದೆಯಲ್ಲ."

"ಅದು ಬಟ್ಟಲಲ್ಲಿ. ನನ್ ಕೈಯಲ್ಲಿ ಮುಗೀತು."

ಕೆಂಪಿನವಳೂ ಕುಂಚ ಕೆಳಗಿಟ್ಟಳು. ದಿದೆಲೋ ಒಬ್ಬೊಬ್ಬರ ಮುಖ ನೋಡುತ್ತ ನಿಂತರು. ಬಾರ್ಬ್ ಅವರ ಕಡೆ ತಿರುಗಲೇ ಇಲ್ಲ. ಅವಳಿಗೆ ಮಾತಿದ್ದದ್ದು ಎಲೋಫನ ಹತ್ತಿರ.

"ನಿಂಗೆ ಅಧಿಕಾರಿ ಯಾಕೆ ಬೇಕು ಅಂತ ನಂಗೊತ್ತು ಕಣೋ. ಅವ್ನು ನಿನ್ನನ್ನ ಆರಿಸ್ಕೊಂಡ. ನಾನು ಫ್ಲೊರಾಂ ಅಂತ ತಿಳ್ಕೊಂಡು ಎಳೆದೆ. ತಪ್ಪಿ ಬದುಕಿದೋನು ಅನ್ನಿಸ್ಕೊಳ್ಳೋದು ಯಾರಿಗೂ ಇಷ್ಟ ಆಗಲ್ಲ. ಸರಿ. ಆದ್ರೆ ಆಚೆ ದಡದಲ್ಲಿ ನಿನ್ನ ಮುಖ ನೋಡಿದೆ ನಾನು. ನೋಡಿದ್ಮೇಲೂ ಪಟ್ಟಿ ವಾಪಸ್ ಕಟ್ಟಿದೆ. ವಿಲ್ನಾ ಊರಿನವರೆಗೆ ಹನ್ನೊಂದು ದಿನ ಎಳೆದೆ. ನಿನ್ನ ಕಾಲು ಕೊಯ್ವಾಗ ಎದೆ ಮೇಲೆ ಕೂತಿದ್ದೆ. ಅದ್ಯಾವುದೂ ತಪ್ಪಿ ಆಗಿದ್ದಲ್ಲ."

ಎಲೋಫ್ ಹೆಂಗಸರ ಬೆಂಚಿನ ಮೇಲೆ, ಬಣ್ಣ ಒಣಗದ ಹಾಳೆಗಳ ಪಕ್ಕ, ಧೊಪ್ಪನೆ ಕೂತ.

"ಅವ್ನು ಕೊಡ್ಲಿಲ್ಲ," ಎಂದ.

"ಏನು?"

"ಶಾಲು. ಫ್ಲೊರಾಂ ಕೊಡ್ಲಿಲ್ಲ. ನಾನೇ ತಗೊಂಡೆ." ಹಾಳೆಯ ಮೂಲೆಯನ್ನು ಬೆರಳಲ್ಲಿ ಸುರುಳಿ ಸುತ್ತುತ್ತಿದ್ದ. "ನೀನು ಮಾಂಸ ಹುಡುಕ್ಕೊಂಡು ಹೋಗಿದ್ದೆ. ಅವ್ನು ಗಾಡಿ ಗಾಲಿಗೆ ಒರಗಿ ಕೂತಿದ್ದ. ಮಾತಾಡಿಸ್ದೆ. ಮುಟ್ಟಿ ನೋಡಿದ್ರೆ ಕಟ್ಟಿಗೆ. ಆ ಸಂಜೆನೇ ಹೋಗಿದ್ದ ಬಾರ್ಬ್. ನನ್ನ ಬೆರಳು ಮಡಚ್ತಿರ್ಲಿಲ್ಲ, ಗಂಟನ್ನ ಹಲ್ಲಲ್ಲಿ ಬಿಚ್ಚಿದೆ."

ಬಾರ್ಬ್ ಬಣ್ಣ ಚೆಲ್ಲಿದ್ದ ಮೇಜಿನ ಮೇಲೆ ಕೈ ಊರಿದಳು.

"ಆ ದಡದಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಲ್ಲೇ ಬಿಟ್ಟು ಹೋಗ್ತಿದ್ದೆ ನೀನು. ಆಮೇಲೆ ಹೇಳಕ್ಕೆ ಮುಖ ಇರ್ಲಿಲ್ಲ. ಅಧಿಕಾರಿ ಕಥೆ ಕಟ್ದೆ. ಅಧಿಕಾರಿ ಇದ್ರೆ ಶಾಲಿನ ಮಾತೇ ಬರಲ್ವಲ್ಲ."

"ಕಣ್ಣು ಮುಚ್ಚಿದ್ನಾ?"

"ತೆರೆದಿತ್ತು. ಮುಚ್ಚಕ್ಕೆ ನೋಡ್ದೆ. ಆಗ್ಲಿಲ್ಲ."

ಬಾರ್ಬ್ ಅವನ ಕೆನ್ನೆಗೆ ಒಂದು ಬಿಟ್ಟಳು. ಮೇಜಿನ ಮೇಲೆ ಊರಿದ್ದ ಕೈ ನೀಲಿಯಾಗಿತ್ತು. ಬಿಳಿ ಗಡ್ಡದ ಮೇಲೆ ನಾಲ್ಕು ಬೆರಳು ಮೂಡಿದವು. ಅವನು ಒರೆಸಿಕೊಳ್ಳಲಿಲ್ಲ.

"ಕದ್ದದ್ದಕ್ಕಲ್ಲ," ಎಂದಳು. "ಸತ್ತೋನ ಟೊಪ್ಪಿಗೆ ನಾನೂ ತಗೊಂಡಿದ್ದೆ. ಇಪ್ಪತ್ತೆರಡು ವರ್ಷ ಅವನನ್ನ ಆ ದಡದಲ್ಲಿ ನಿಲ್ಲಿಸಿದ್ಯಲ್ಲ, ಅದಕ್ಕೆ."

ಎಲೋಫ್ ಮೇಜು ಹಿಡಿದು ಎದ್ದ. ದಿದೆಲೋ ಅವರ ಕಡೆ ತಿರುಗಿ, ದಂಡಿನಲ್ಲಿ ಹಾಜರಿ ಹೇಳುವವನಂತೆ ನೆಟ್ಟಗಾದ. "ಬರೆದು ಕಳಿಸಿ ಕರ್ನಲ್‌ಗೆ. ಎಳೆದದ್ದು ಇವಳು. ಅಲ್ಲಿ ಯಾವ ಅಧಿಕಾರಿನೂ ಇರ್ಲಿಲ್ಲ. ಅವ್ರೆಲ್ಲ ಮೊದ್ಲೇ ದಾಟಿದ್ರು."

ದಿದೆಲೋ ವ್ಯಾಪಾರದ ಮನುಷ್ಯ. ಬಾಗಿಲಲ್ಲಿ ಮಾನ್ಸುಯಿ ಖಾಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ. ಮೇಜಿನ ಮೇಲೆ ಕುಂಚಗಳು ಮಲಗಿದ್ದವು. "ಕರ್ನಲ್‌ಗೆ ಬೇಕಾದ್ರೆ ಬೇರೆ ಹಾಳೆ ಮಾಡೋಣ, ಅಧಿಕಾರಿಯದ್ದು," ಎಂದು ಮೆತ್ತಗೆ ಹೇಳಿ ನೋಡಿದರು.

"ಮಾಡ್ಕೊಳ್ಳಿ. ಕೊರೆಯೋರನ್ನ ಬೇರೆ ಹುಡುಕಿ," ಎಂದಳು ಬಾರ್ಬ್.

"ಕೊನೇಪಕ್ಷ ಆ ವಿಧವೆಗಾದ್ರೂ ಸ್ವಲ್ಪ ಬಣ್ಣ."

"ಅವ್ಳಿಗೆ ಗಂಡ ಸತ್ತಿಲ್ಲ ಯಜಮಾನ್ರೆ. ಈರುಳ್ಳಿ ಕೊಯ್ದಿದ್ದಾಳೆ ಅಷ್ಟೆ."

ಅವರು ಪತ್ರವನ್ನು ಜೇಬಿಗಿಟ್ಟು, ಮಾನ್ಸುಯಿಗೆ ನಾನೂರು ಎಂದು ಬೆರಳು ತೋರಿಸಿ ಹೊರಟರು. ಲಿಬೇರ್ ತೊಳೆದ ಕುಂಚವನ್ನು ಮತ್ತೆ ನೀಲಿಗೆ ಅದ್ದಿದಳು.

ಬಾರ್ಬ್ ಮೇಲುಬಟ್ಟೆಯನ್ನು ಮತ್ತೆ ಸೊಂಟಕ್ಕೆ ಕಟ್ಟಿಕೊಂಡಳು. ಹಳದಿಯ ಹಾಳೆಯನ್ನು ಎತ್ತಿ ಎರಡಾಗಿ ಹರಿದು ಒಲೆಗೆ ಹಾಕಿ, ಹೊಸ ಹಾಳೆಯೊಂದನ್ನು ಮುಂದಿಟ್ಟುಕೊಂಡಳು.

"ಅದು ಚೆನ್ನಾಗೇ ಇತ್ತಲ್ಲ ತಾಯಿ," ಎಂದಳು ಲಿಬೇರ್.

"ಜಾಗ ತಪ್ಪಿತ್ತು."

ಚಿತ್ರದ ಮೂಲೆಯಲ್ಲಿ, ಗಾಲಿಯ ಬುಡದಲ್ಲಿ, ಒರೆಲ್ಯಾಂ ಜಾಗ ತುಂಬಲೆಂದು ಗೀಚಿದ್ದ ಆ ಸತ್ತವನ ಕೊರಳಿನ ಮೇಲೆ ಅವಳು ಕತ್ತಿಯ ತುದಿ ಊರಿದಳು. ಒಂದು ಉಗುರಿನಷ್ಟು ಜಾಗ. ನಿಧಾನವಾಗಿ, ಅಂಚು ಹರಿಯದಂತೆ, ಕೊರೆದು ತೆಗೆದಳು. ಹಾಳೆಯನ್ನು ಹೊಂದಿಸಿ ತಾನೇ ಕುಂಚ ತಿಕ್ಕಿ ಎತ್ತಿದಾಗ, ಬಿಳಿ ಹಿಮದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆಯುತ್ತಿದ್ದದ್ದು ಅದೇ. ಆಕಾಶದ ಕಿರಣ ಮಂಕಾಯಿತು.

ಎಲೋಫ್ ಇನ್ನೂ ಬೆಂಚಿನ ಪಕ್ಕ ನಿಂತಿದ್ದ. ಬಗ್ಗಿ ನೋಡಿದ. ಚಿತ್ರದ ನಡುವೆ ಅವನ ಕೊರಳು ಬರಿದಾಗಿತ್ತು.

"ನಂಗೆ ಚಳಿಯಾಗಲ್ವೇನೇ?"

"ಆಗ್ಲಿ," ಎಂದಳು ಬಾರ್ಬ್. ಮುಂದಿನ ಹಾಳೆಗೆ ಕೈ ಚಾಚಿದಳು.